ಎರಡು ಗಾಲಿ ಸಾಕೋ, ನಾಲ್ಕು ಬೇಕೋ

ಹುಬ್ಬಳ್ಳಿ,
ಆಷಾಢ



ಪತ್ರ ಮುಟ್ಟಿತು. ಮೂರು ಸೆಕೆಂಡ್ ಹ್ಯಾಂಡ್ ಗಾಡಿಗಳ ನಡುವೆ ನಿಮ್ಮ ಮನಸ್ಸು ಓಡಾಡುತ್ತಿದೆ. ಮುಂದಿನ ಗಾಲಿ ಎಳೆಯುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಹಿಂದಿನ ಗಾಲಿ ನೂಕುವ ಬಿಎಂಡಬ್ಲ್ಯು 330ಐ, ನಾಲ್ಕೂ ಗಾಲಿಗೆ ಜೋರು ಹೋಗುವ ಎಂ340ಐ. ‘ನಾಲ್ಕೂ ಗಾಲಿದು ತಗೋ, ಹೆಬ್ಬಳ್ಳಿ ಹೊಲಕ್ಕೂ ಆಗತೈತಿ, ಗೋವಾ ಘಾಟಿಗೂ ಆಗತೈತಿ’ ಎಂದು ಗೆಳೆಯರು ಹೇಳಿದ್ದಾರೆ ಅಂತ ಬರೆದಿದ್ದೀರಿ. ಆ ಒಂದು ಮಾತಿನ ಮೇಲೆಯೇ ನನ್ನ ತಕರಾರು ಇದೆ. ಅದಕ್ಕೆ ಈ ಪತ್ರ ಸ್ವಲ್ಪ ಉದ್ದವಾದೀತು, ಬೇಸರ ಮಾಡಿಕೊಳ್ಳಬೇಡಿರಿ.

ಮೊದಲು ಮನೆಯವರ ಮಾತು. ಆಷಾಢದಲ್ಲಿ ಗಾಡಿ ಕೊಳ್ಳಬೇಡ ಅಂದಿದ್ದಾರಲ್ಲ, ಅದನ್ನು ಮೀರಬೇಡಿರಿ. ಆದರೆ ಕೊಳ್ಳಬಾರದು ಅಂದಿದ್ದಾರೆಯೇ ಹೊರತು ನೋಡಬಾರದು ಅಂದಿಲ್ಲ. ಈ ತಿಂಗಳು ಗಿರಾಕಿ ಕಡಿಮೆ. ಉಳಿದ ದಿನಗಳಲ್ಲಿ ಮೂರು ಸಲ ಫೋನು ಮಾಡಿದರೂ ಎತ್ತದ ದಲಾಲಿ ಈಗ ತಾನಾಗಿಯೇ ಫೋನು ಮಾಡುತ್ತಾನೆ. ಮೇಲಾಗಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಿಂತ ಗಾಡಿ ತನ್ನ ಗುಟ್ಟು ತಾನೇ ಬಿಟ್ಟುಕೊಡುತ್ತದೆ. ಸನ್‌ರೂಫಿನ ನೀರು ಹೋಗುವ ಸಣ್ಣ ಪೈಪು ಕಟ್ಟಿದ್ದರೆ ಒಳಗಿನ ಮೇಲ್ಛಾವಣಿಯ ಬಟ್ಟೆಯ ಮೂಲೆಯಲ್ಲಿ ಕಲೆ ಕಾಣುತ್ತದೆ. ಡಿಕ್ಕಿಯ ರಬ್ಬರು ಬಿಟ್ಟಿದ್ದರೆ ಸ್ಟೆಪ್ನಿ ಇಡುವ ಗುಣಿಯಲ್ಲಿ ನೀರು ನಿಂತಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಇವು ಯಾವುವೂ ತಿಳಿಯುವುದಿಲ್ಲ.

ಇನ್ನು ಹೊಲದ ಮಾತು. ಹೆಬ್ಬಳ್ಳಿ ಕಡೆಯ ಎರಿ ಮಣ್ಣು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಸಿಯಾದಾಗ ಅದು ಟೈರಿನ ಗೀರುಗಳಲ್ಲಿ ತುಂಬಿಕೊಂಡು ಒಂದೇ ಸುತ್ತಿನಲ್ಲಿ ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ. ಆಮೇಲೆ ಎರಡು ಗಾಲಿ ತಿರುಗಿದರೆ ಎರಡು ಜಾರುತ್ತವೆ, ನಾಲ್ಕು ತಿರುಗಿದರೆ ನಾಲ್ಕೂ ಜಾರುತ್ತವೆ. ಟ್ರ್ಯಾಕ್ಟರು ಹೋಗಿ ಬಿದ್ದ ಎರಡು ಕಾಲುವೆಗಳ ನಡುವಿನ ದಿಬ್ಬಕ್ಕೆ ಸೆಡಾನಿನ ಹೊಟ್ಟೆ ಕೂತಿತೆಂದರೆ ಮುಗಿಯಿತು, ಎಂಜಿನ್ನಿಗೆ ಎಷ್ಟು ಕುದುರೆಯ ಶಕ್ತಿ ಇದ್ದರೂ ಅಷ್ಟೆ. ಅಲ್ಲಿ ಬೇಕಾದದ್ದು ನೆಲದಿಂದ ಎತ್ತರ ಮತ್ತು ದಪ್ಪ ಗೀರಿನ ಟೈರು. ಸ್ಪೋರ್ಟ್ಸ್ ಸೆಡಾನಿಗೆ ಇವೆರಡೂ ಇರುವುದಿಲ್ಲ, ಇದ್ದರೆ ಅದು ಸ್ಪೋರ್ಟ್ಸ್ ಸೆಡಾನೇ ಆಗುವುದಿಲ್ಲ. ಹೊಲ ಆರುವತನಕ ಟ್ರ್ಯಾಕ್ಟರಿನವರೇ ಇಳಿಯುವುದಿಲ್ಲ, ನೀವು ಲಕ್ಷಗಟ್ಟಲೆ ಕೊಟ್ಟ ಗಾಡಿ ಯಾಕೆ ಇಳಿಸುತ್ತೀರಿ? ಡಾಂಬರು ರಸ್ತೆಯ ಅಂಚಿಗೆ ನಿಲ್ಲಿಸಿ ನಡೆಯಿರಿ. ಹೊಲವನ್ನು ಈ ಲೆಕ್ಕದಿಂದಲೇ ತೆಗೆದುಬಿಡೋಣ.

ಉಳಿದದ್ದು ಡಾಂಬರು. ದಿನಾ ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಗೆ ಹೋಗಿ ಬರುವುದು, ತಿಂಗಳಿಗೊಮ್ಮೆ ಕಿತ್ತೂರು ದಾಟಿ ಬೆಳಗಾವಿ, ವರ್ಷದಲ್ಲಿ ಕೆಲವು ಸಲ ಅನಮೋಡ ಇಲ್ಲವೇ ಚೋರ್ಲಾ ಘಾಟಿಯ ಮೇಲೆ ಗೋವಾ, ಯಾವಾಗಲಾದರೂ ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಅಂಕೋಲಾ. ನೀವೇ ಬರೆದ ಪಟ್ಟಿ ಇದು. ಇದರಲ್ಲಿ ನಿಮ್ಮ ಗಾಡಿಯ ಆಯುಷ್ಯದ ಬಹುಪಾಲು ಕಳೆಯುವುದು ಮೊದಲನೆಯ ರಸ್ತೆಯಲ್ಲಿ. ನಡುವಿನ ಜಾಗ ಚಿಗರಿ ಬಸ್ಸಿಗೆ, ಉಳಿದದ್ದರಲ್ಲಿ ನಾವೂ ನೀವೂ ಆಟೊಗಳೂ ಟ್ರ್ಯಾಕ್ಟರುಗಳೂ. ಉಣಕಲ್‌ನಿಂದ ನವನಗರದವರೆಗೆ ಸಂಜೆ ಆರಕ್ಕೆ ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳುವಾಗ ಎಳೆಯುವ ಗಾಲಿ ಯಾವುದು ಎನ್ನುವುದು ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಗೇರ್‌ಬಾಕ್ಸ್ ಯಾವುದು ಎನ್ನುವುದು ಪ್ರತಿ ಸಿಗ್ನಲ್ಲಿನಲ್ಲೂ ಗೊತ್ತಾಗುತ್ತದೆ. ಗಾಲಿಗಿಂತ ಮುಖ್ಯವಾದ ಗೇರ್‌ಬಾಕ್ಸಿನ ಬಗ್ಗೆ ನಿಮ್ಮ ಗೆಳೆಯರು ಒಂದು ಮಾತೂ ಆಡದಿದ್ದುದು ನನಗೆ ಆಶ್ಚರ್ಯ.

ಆದರೂ ಗಾಲಿಯಿಂದಲೇ ಸುರು ಮಾಡುತ್ತೇನೆ. ಹಿಂದಿನ ಗಾಲಿ ನೂಕುವ ಗಾಡಿ ಎಂದರೆ ಈಗ ಏನೋ ದೊಡ್ಡವರ ಷೋಕಿ ಎನ್ನುವ ಹಾಗೆ ಹುಡುಗರು ಮಾತಾಡುತ್ತಾರೆ. ನಮ್ಮ ಅಪ್ಪಂದಿರು ಓಡಿಸಿದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಆಮೇಲೆ ಬಂದ ಕಾಂಟೆಸ್ಸಾ ಎಲ್ಲವೂ ಹಿಂದಿನ ಗಾಲಿಯವೇ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಗಾಲಿಯ ಕಾಲ ಸುರುವಾಯಿತು. ಎಂಜಿನ್ನನ್ನು ಅಡ್ಡ ಇಟ್ಟು, ಗೇರ್‌ಬಾಕ್ಸನ್ನು ಅದರ ಪಕ್ಕಕ್ಕೆ ಸೇರಿಸಿ, ಅಲ್ಲೇ ಇರುವ ಮುಂದಿನ ಗಾಲಿಗೆ ಜೋರು ಕೊಟ್ಟರೆ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟೂ ಬೇಡ, ಹಿಂದಿನ ಹೌಸಿಂಗೂ ಬೇಡ. ಗಾಡಿ ಹಗುರ, ಅಗ್ಗ, ಒಳಗೆ ಜಾಗ ಹೆಚ್ಚು. ಎಂಜಿನ್ನಿನ ಭಾರವೆಲ್ಲ ಎಳೆಯುವ ಗಾಲಿಯ ಮೇಲೆಯೇ ಇರುವುದರಿಂದ ಹಸಿ ರಸ್ತೆಯಲ್ಲಿ ಹಿಡಿತವೂ ಒಳ್ಳೆಯದು.

ಹಾಗಾದರೆ ತೊಡಕು ಎಲ್ಲಿ? ಎಳೆಯುವುದೂ ತಿರುಗಿಸುವುದೂ ಆ ಎರಡೇ ಗಾಲಿಯ ಪಾಲು. ಬಿತ್ತುವಾಗ ಕೂರಿಗೆ ಹೊಡೆಯುವವನೇ ಬೀಜವನ್ನೂ ಬಿಡಬೇಕಾಗಿ ಬಂದ ಹಾಗೆ. ನೆಲ ಸಣ್ಣದಿದ್ದರೆ ಸಾಗುತ್ತದೆ, ಅವಸರ ಮಾಡಿದರೆ ಸಾಲು ಸೊಟ್ಟ. ಆಕ್ಟೇವಿಯಾ ಆರ್‌ಎಸ್ 230ರ ಎಂಜಿನ್ನು 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಹಸಿ ರಸ್ತೆಯ ತಿರುವಿನಿಂದ ಹೊರಬರುವಾಗ ಕಾಲು ಒತ್ತಿದರೆ ಸ್ಟೇರಿಂಗ್ ಕೈಯಲ್ಲಿ ಜಗ್ಗುತ್ತದೆ, ಮೂತಿ ನೀವು ಹೇಳಿದ್ದಕ್ಕಿಂತ ಹೊರಗೆ ಹೋಗಲು ನೋಡುತ್ತದೆ. ಕಾಲು ತೆಗೆದರೆ ಮತ್ತೆ ದಾರಿಗೆ ಬರುತ್ತದೆ. ಇದು ಭಯಪಡುವ ಗುಣವಲ್ಲ. ಹೆದರಿದ ಮನುಷ್ಯ ಮೊದಲು ಮಾಡುವ ಕೆಲಸವೇ ಕಾಲು ತೆಗೆಯುವುದು, ಈ ಗಾಡಿಗೆ ಬೇಕಾದದ್ದೂ ಅದೇ. 2020ರಲ್ಲಿ ಬಂದ ಆರ್‌ಎಸ್ 245ರಲ್ಲಿ ಈ ಜಗ್ಗಾಟ ಕಡಿಮೆ ಮಾಡಲು ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಹಾಕಿದ್ದಾರೆ. ಆದರೆ ದೇಶಕ್ಕೆಲ್ಲ ಬಂದದ್ದೇ 200 ಗಾಡಿ, ಇಟ್ಟುಕೊಂಡವರು ಸುಲಭಕ್ಕೆ ಬಿಡುವುದಿಲ್ಲ.

330ಐ ಬೇರೆ ಜಾತಿ. ಎಂಜಿನ್ನು ಉದ್ದಕ್ಕೆ ಕೂತಿದೆ, ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ, ಮುಂದಿನ ಗಾಲಿಗೆ ತಿರುಗುವುದೊಂದೇ ಕೆಲಸ. ಕಾಲು ಒತ್ತಿದಾಗ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ, ಅಲ್ಲಿಯೇ ನೂಕುವ ಗಾಲಿ ಇರುವುದರಿಂದ ಹಿಡಿತ ಹೆಚ್ಚುತ್ತದೆ. 258 ಪಿಎಸ್, 400 ನ್ಯೂಟನ್ ಮೀಟರ್. ಚೋರ್ಲಾದಂಥ ರಸ್ತೆಯಲ್ಲಿ ಸ್ಟೇರಿಂಗ್ ಇಷ್ಟು ಶುದ್ಧವಾಗಿ ಮಾತಾಡುವ ಗಾಡಿ ಈ ಮೂರರಲ್ಲಿ ಇನ್ನೊಂದಿಲ್ಲ, ಇದನ್ನು ಒಪ್ಪಲೇಬೇಕು. ಮಳೆಯಲ್ಲಿ ಹಿಂಭಾಗ ಜಾರುತ್ತದೆ ಎನ್ನುವ ಹೆದರಿಕೆ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಕಾಲದ್ದು. ಅದನ್ನು ಬಂದ್ ಮಾಡದೆ, ಟೈರು ಚೆನ್ನಾಗಿಟ್ಟುಕೊಂಡರೆ ಅಂಥ ಅಪಾಯವಿಲ್ಲ. ಅಂಕೋಲಾ ರಸ್ತೆಯಲ್ಲಿ ಟ್ರ್ಯಾಕ್ಸ್ ಹೊಡೆದ ಯಾವ ಡ್ರೈವರನನ್ನಾದರೂ ಕೇಳಿ ನೋಡಿರಿ, ಯಾವ ಎಲೆಕ್ಟ್ರಾನಿಕ್ ಸಹಾಯವೂ ಇಲ್ಲದೆ ಹತ್ತು ಮಂದಿ ತುಂಬಿಕೊಂಡು ಹಿಂದಿನ ಗಾಲಿಯಲ್ಲೇ ಮಳೆಗಾಲ ಕಳೆದವರು ಅವರು. ಒಂದು ಮಾತ್ರ ನೆನಪಿರಲಿ. ಹಿಂದಕ್ಕೆ ಹೋಗುವ ಶಾಫ್ಟಿಗಾಗಿ ನಡುವೆ ಎತ್ತರದ ದಿಂಡು ಇದೆ. ಹಿಂದಿನ ಸೀಟಿನ ನಡುವೆ ಕೂತವರು ಬೆಳಗಾವಿ ಮುಟ್ಟುವಷ್ಟರಲ್ಲಿ ನಿಮಗೆ ಶಾಪ ಹಾಕಿರುತ್ತಾರೆ. ನೀವು ಮನೆಯಲ್ಲಿ ಐದು ಮಂದಿ.

ಈಗ ಎಂ340ಐ. ಇದು 2021ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂತು, ಚೆನ್ನೈಯಲ್ಲಿ ಜೋಡಿಸಿದ್ದು, ಆಗಿನ ಷೋರೂಂ ಬೆಲೆಯೇ 62.90 ಲಕ್ಷ. ಮೂರು ಲೀಟರಿನ ಆರು ಸಿಲಿಂಡರು, 387 ಪಿಎಸ್, 500 ನ್ಯೂಟನ್ ಮೀಟರ್, ನೂರು ಕಿಲೋಮೀಟರ್ ವೇಗಕ್ಕೆ 4.4 ಸೆಕೆಂಡು. ಇಷ್ಟು ಜೋರನ್ನು ಎರಡೇ ಗಾಲಿಗೆ ಕೊಟ್ಟರೆ ಅರ್ಧ ಟೈರಿನ ಹೊಗೆಯಾಗಿ ಹೋಗುತ್ತದೆ. ಅದಕ್ಕೇ ನಾಲ್ಕೂ ಗಾಲಿಯ ಎಕ್ಸ್‌ಡ್ರೈವ್. ಸಾಮಾನ್ಯ ಹೊತ್ತಿನಲ್ಲಿ ಹೆಚ್ಚಿನ ಪಾಲು ಹಿಂದಕ್ಕೆ, ಹಿಂದೆ ಜಾರಿದರೆ ಟ್ರಾನ್ಸ್‌ಫರ್ ಕೇಸಿನ ಒಳಗಿನ ಕ್ಲಚ್ ಪ್ಲೇಟುಗಳು ಬಿಗಿದು ಮುಂದಕ್ಕೂ ಕಳಿಸುತ್ತವೆ. ಅದ್ಭುತ ಕೆಲಸ, ಇಲ್ಲ ಎನ್ನುವುದಿಲ್ಲ. ಆದರೆ ನಾಲ್ಕು ಗಾಲಿಯ ಡ್ರೈವ್ ಸಹಾಯ ಮಾಡುವುದು ಗಾಡಿ ಮುಂದಕ್ಕೆ ಹೋಗುವಾಗ ಮಾತ್ರ. ನಿಲ್ಲಿಸುವಾಗ ಅಲ್ಲ. ಬ್ರೇಕು ಎಲ್ಲ ಗಾಡಿಗಳಿಗೂ ನಾಲ್ಕೂ ಗಾಲಿಗೇ ಇರುತ್ತದೆ. ಮಳೆಯಲ್ಲಿ ಎದುರಿನ ಲಾರಿ ನಿಮ್ಮ ಪಟ್ಟಿಗೆ ಬಂದಾಗ ಕಾಪಾಡುವುದು ಟೈರು ಮತ್ತು ನಿಮ್ಮ ವೇಗ. ಡಿಕ್ಕಿಯ ಮೇಲಿನ ಬ್ಯಾಡ್ಜು ಅಲ್ಲ. ‘ಫೋರ್ ವೀಲ್ ಐತಿ, ಏನೂ ಆಗಂಗಿಲ್ಲ’ ಎನ್ನುವ ಧೈರ್ಯವೇ ಅಪಾಯ.

ಇನ್ನೊಂದು ಖರ್ಚು ಯಾರೂ ಹೇಳುವುದಿಲ್ಲ. ನಾಲ್ಕೂ ಗಾಲಿಯ ಗಾಡಿಗೆ ಟೈರುಗಳ ಸವೆತ ಸರಿಹೊಂದಬೇಕು. ಒಂದು ಟೈರು ಕಲ್ಲಿಗೆ ಹರಿಯಿತು, ನೀವು ಅದೊಂದನ್ನೇ ಹೊಸದು ಹಾಕಿದಿರಿ ಅನ್ನಿ. ಹೊಸ ಟೈರಿನ ಸುತ್ತಳತೆ ಹೆಚ್ಚು, ಹಳೆಯದರದ್ದು ಕಡಿಮೆ. ಗಾಡಿ ನೇರ ಹೋಗುತ್ತಿದ್ದರೂ ಮುಂದೆ ಹಿಂದೆ ಸುತ್ತಿನ ಲೆಕ್ಕ ತಪ್ಪುತ್ತದೆ, ಟ್ರಾನ್ಸ್‌ಫರ್ ಕೇಸಿನ ಪ್ಲೇಟುಗಳು ಬಿಡುವಿಲ್ಲದೆ ಉಜ್ಜಿ ಕಾಯುತ್ತವೆ. ಆದ್ದರಿಂದ ಒಂದು ಹರಿದರೆ ಎರಡು, ಒಮ್ಮೊಮ್ಮೆ ನಾಲ್ಕೂ ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಎಂ340ಐ ನೋಡಲು ಹೋದರೆ ಮೊದಲು ಕೂತು ಟೈರು ಓದಿರಿ. ಟೈರಿನ ಪಕ್ಕದಲ್ಲಿ ಉಬ್ಬಕ್ಷರದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ಮೂರು ಟೈರು ಒಂದು ಕಂಪನಿ, ನಾಲ್ಕನೆಯದು ಇನ್ನೊಂದು ಕಂಪನಿ, ಇನ್ನೊಂದು ವರ್ಷ ಎಂದು ಕಂಡರೆ ಹಿಂದಿನ ಮಾಲೀಕ ಎಲ್ಲಿ ಕೈ ಬಿಗಿ ಹಿಡಿದಿದ್ದಾನೆ ಎಂದು ತಿಳಿಯುತ್ತದೆ. ಅಂಥವನು ಗೇರ್ ಆಯಿಲ್ಲಿಗೂ ಕೈ ಬಿಚ್ಚಿರುವುದಿಲ್ಲ.

ಅಂದ ಹಾಗೆ, ದಲಾಲಿ ನಿಮಗೆ ಆಡಿ ಎ4 ತೋರಿಸಿ ‘ಕ್ವಾಟ್ರೋ ರೀ’ ಎಂದರೆ ನಗಬೇಕು. ಕ್ವಾಟ್ರೋ ಎನ್ನುವುದು ಆಡಿಯ ನಾಲ್ಕು ಗಾಲಿಯ ಡ್ರೈವಿಗೆ 1980ರಿಂದ ಇರುವ ಹೆಸರು ನಿಜ, ಆದರೆ ನಮ್ಮಲ್ಲಿ ಮಾರಿದ ಎ4ಗಳಲ್ಲಿ ಬಹುಪಾಲು ಮುಂದಿನ ಗಾಲಿಯವೇ.

ಗೇರ್‌ಬಾಕ್ಸಿಗೆ ಬರೋಣ. ನಿಮ್ಮ ದಿನನಿತ್ಯದ ಸುಖದುಃಖ ಇರುವುದು ಇದರಲ್ಲಿ. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಡಿಎಸ್‌ಜಿಯಲ್ಲಿ ಎರಡು ತರ. ಏಳು ಗೇರಿನ ಡಿಕ್ಯು200ರಲ್ಲಿ ಕ್ಲಚ್ ಒಣದು. ಆರು ಗೇರಿನ ಡಿಕ್ಯು250ರಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಒಣ ಕ್ಲಚ್ಚಿಗೆ ತೆವಳುವ ಟ್ರಾಫಿಕ್ಕು ಆಗದು. ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತದೆ, ಅದರ ಮೆಕಟ್ರಾನಿಕ್ ಯೂನಿಟ್ಟು ಕೈ ಕೊಟ್ಟ ಕಥೆಗಳು ಜಗತ್ತಿನ ತುಂಬ ಇವೆ. ಎಣ್ಣೆಯ ಕ್ಲಚ್ಚು ತಾಳಿಕೊಳ್ಳುತ್ತದೆ, ಆದರೆ 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕು. ಒಣ ಕ್ಲಚ್ಚಿನ ತಾಕತ್ತು ಎಷ್ಟು ಎಂದು ತಿಳಿಯಬೇಕಾದರೆ ಸ್ಕೋಡಾ ಸುಪರ್ಬ್ 1.8 ಟಿಎಸ್‌ಐ ನೋಡಿರಿ. ಅದೇ ಗಾಡಿ, ಅದೇ ಎಂಜಿನ್ನು, ಅದೇ 180 ಪಿಎಸ್. ಕೈ ಗೇರಿನದಕ್ಕೆ 320 ನ್ಯೂಟನ್ ಮೀಟರ್ ಕೊಟ್ಟಿದ್ದಾರೆ, ಏಳು ಗೇರಿನ ಡಿಎಸ್‌ಜಿಗೆ 250. ಯಾಕೆಂದರೆ ಆ ಗೇರ್‌ಬಾಕ್ಸು ತಡೆಯುವುದು ಅಷ್ಟೇ. ಕಂಪನಿ ತಾನೇ ಬರೆದುಕೊಟ್ಟ ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಆರ್‌ಎಸ್ 230ರಲ್ಲಿರುವುದು ಎಣ್ಣೆಯ ಕ್ಲಚ್ಚು, ಆರು ಗೇರು. ಸಾಮಾನ್ಯ ಆಕ್ಟೇವಿಯಾ 1.8ರಲ್ಲಿರುವುದು ಒಣದು. ಹೊರಗಿನಿಂದ ಎರಡೂ ಒಂದೇ ಮನೆಯ ಮಕ್ಕಳು, ಆರ್‌ಎಸ್ ಬ್ಯಾಡ್ಜನ್ನು ಅಂಗಡಿಯಲ್ಲಿ ತಂದು ಅಂಟಿಸಿದ 1.8 ಕೂಡ ಮಾರಾಟಕ್ಕೆ ಬರುತ್ತವೆ, ಎಚ್ಚರ. ಆರ್‌ಸಿಯಲ್ಲಿ ಎಂಜಿನ್ ಸಿಸಿ ನೋಡಿದರೆ ಮೋಸ ಸಿಕ್ಕಿಬೀಳುತ್ತದೆ. ಬಿಎಂಡಬ್ಲ್ಯು ಎರಡರಲ್ಲೂ ಇರುವುದು ಝಡ್‌ಎಫ್ ಕಂಪನಿಯ ಎಂಟು ಗೇರಿನ ಟಾರ್ಕ್ ಕನ್ವರ್ಟರ್. ತೆವಳುವ ಟ್ರಾಫಿಕ್ಕಿಗೆ ಇದರಷ್ಟು ಸಮಾಧಾನದ ಗೇರ್‌ಬಾಕ್ಸು ಇನ್ನೊಂದಿಲ್ಲ. ಬಿಎಂಡಬ್ಲ್ಯು ಇದರ ಎಣ್ಣೆ ಜೀವನಪರ್ಯಂತ ಎನ್ನುತ್ತದೆ, ತಯಾರಿಸಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿರಿ ಎನ್ನುತ್ತದೆ. ನಾನಂತೂ ಮಾಡಿದವನ ಮಾತೇ ನಂಬುತ್ತೇನೆ.

ಹಳೆಯ 320ಡಿ ಕಡಿಮೆಗೆ ಸಿಗುತ್ತದೆ ಎಂದು ಯಾರಾದರೂ ಆಸೆ ಹಚ್ಚಬಹುದು. ಅವುಗಳ ಪೈಕಿ ಎನ್47 ಎಂಜಿನ್ನಿನ ಗಾಡಿಗಳಲ್ಲಿ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆ ಇದೆ. ಚೈನು ಸಡಿಲಾದರೆ ಅದನ್ನು ಮುಟ್ಟಲಿಕ್ಕೇ ದೊಡ್ಡ ಬಿಚ್ಚಾಟ. ತಣ್ಣಗಿರುವ ಎಂಜಿನ್ನು ಸುರು ಮಾಡಿದಾಗ ಹಿಂದಿನಿಂದ ಸರಪಳಿ ಉಜ್ಜುವ ಸದ್ದು ಬಂದರೆ ನಮಸ್ಕಾರ ಹೇಳಿ ಬಂದುಬಿಡಿರಿ. ದೆಹಲಿಯಿಂದ ಬರುವ ಹತ್ತು ವರ್ಷದ ಡೀಸೆಲ್ ಗಾಡಿಗಳ ಬೆಲೆ ಕಣ್ಣು ಕುಕ್ಕುತ್ತದೆ, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ನಿರ್ಬಂಧ ಬಂದಿದ್ದರಿಂದಲೇ ಆ ಬೆಲೆ. ಆದರೆ ಬೇರೆ ರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಕೆಎ-25, ಕೆಎ-63 ಅಥವಾ ಬೆಂಗಳೂರಿನ ನಂಬರಿನದಾದರೆ ಫಾರ್ಮ್ 29, 30 ಸಾಕು. ಸಾಲ ಇದ್ದರೆ ಬ್ಯಾಂಕಿನ ಫಾರ್ಮ್ 35.

ನೋಡಲು ಹೋಗುವಾಗ ಹೇಳದೆ ಬೆಳಿಗ್ಗೆ ಬೇಗ ಹೋಗಿರಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿರಿ. ಬೆಚ್ಚಗಿದ್ದರೆ ಮಾರುವವನು ನಿಮಗಿಂತ ಮುಂಚೆ ಎದ್ದು ಎಂಜಿನ್ನನ್ನು ಸಮಾಧಾನ ಮಾಡಿದ್ದಾನೆ, ಇನ್ನೊಂದು ದಿನ ಬರುತ್ತೇನೆ ಎನ್ನಿರಿ. ಆಮೇಲೆ ಸೀಟ್ ಬೆಲ್ಟನ್ನು ತುದಿತನಕ ಪೂರಾ ಎಳೆಯಿರಿ. 2019 ಮತ್ತು 2021ರಲ್ಲಿ ಕೊಲ್ಹಾಪುರ, ಸಾಂಗ್ಲಿಯಲ್ಲಿ ನೆರೆ ಬಂದಿತ್ತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆಯ ನೆಲಮಾಳಿಗೆಗಳಲ್ಲಿ ದೊಡ್ಡ ದೊಡ್ಡ ಗಾಡಿಗಳು ಮುಳುಗಿದ್ದವು. ಸೀಟು, ಕಾರ್ಪೆಟ್ ತೊಳೆದು ಹೊಳಪು ಮಾಡುತ್ತಾರೆ. ಆದರೆ ಬೆಲ್ಟಿನ ಒಳಸುತ್ತು ಯಾರೂ ತೊಳೆಯುವುದಿಲ್ಲ, ಅಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಕೊನೆಗೆ ಮುಂದಿನ ಬಂಪರಿನ ತುಟಿಯ ಕೆಳಗೂ ಚೇಂಬರಿನ ಕೆಳಗೂ ಮೊಬೈಲ್ ಟಾರ್ಚ್ ಹಾಕಿ ನೋಡಿರಿ. ನಮ್ಮೂರಿನ ಹಂಪುಗಳು ತಮ್ಮ ಸಹಿ ಅಲ್ಲೇ ಹಾಕಿರುತ್ತವೆ.

ಓಡಿಸಿ ನೋಡುವಾಗ ಬೈಪಾಸಿಗೆ ಒಯ್ದು ಒತ್ತಿ ಖುಷಿಪಡುವುದು ಆಮೇಲೆ. ಮೊದಲು ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳಿಸಿರಿ. ಗೇರ್‌ಬಾಕ್ಸು ಕಾದ ಮೇಲೆ ಒಂದರಿಂದ ಎರಡಕ್ಕೆ ಬೀಳುವಾಗ ನಡುಗಿದರೆ, ರಿವರ್ಸಿಗೆ ಹಾಕಿದಾಗ ತಡೆದು ಧಡ್ ಎಂದರೆ, ಅಲ್ಲಿಗೆ ವ್ಯಾಪಾರ ನಿಲ್ಲಿಸಿರಿ. ಗೋಕುಲ ರೋಡಿನ ನಮ್ಮ ಮಿಸ್ತ್ರಿ ಹೇಳುತ್ತಿರುತ್ತಾರೆ: ‘ಎಂಜಿನ್ ಸುಳ್ಳು ಹೇಳಬಹುದ್ರಿ, ಕಾದ ಗೇರ್‌ಬಾಕ್ಸ್ ಹೇಳಂಗಿಲ್ಲ.’ ಆಮೇಲೆ ಸ್ಕ್ಯಾನರ್ ಹಾಕಿಸಿರಿ. ಮೀಟರಿನ ಕಿಲೋಮೀಟರು ತಿರುಗಿಸುವುದು ಸುಲಭ, ಆದರೆ ಬೇರೆ ಬೇರೆ ಕಂಟ್ರೋಲ್ ಯೂನಿಟ್ಟುಗಳಲ್ಲಿ ಉಳಿದ ಲೆಕ್ಕವೂ ಕಂಪನಿಯ ಸರ್ವಿಸ್ ದಾಖಲೆಯೂ ಒಂದಕ್ಕೊಂದು ಕೂಡಬೇಕು.

ಇಷ್ಟೆಲ್ಲ ಹೇಳಿ ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ನಿಮ್ಮ ಓಡಾಟಕ್ಕೆ, ಐದು ಮಂದಿಗೆ, ಈ ಊರಿನ ಮಿಸ್ತ್ರಿಗಳ ಕೈಗೆ ನನ್ನ ಮೊದಲ ಮತ ಆರ್‌ಎಸ್ 230ಕ್ಕೆ. 2017ರಲ್ಲಿ 24.62 ಲಕ್ಷಕ್ಕೆ ಬಂದ ಗಾಡಿ ಅದು. ಡಿಕ್ಕಿ 590 ಲೀಟರು, ಗಾಜಿನ ಸಮೇತ ಮೇಲೇಳುವ ಬಾಗಿಲು, ಹೊಲದಿಂದ ಎರಡು ಚೀಲ ಬಂದರೂ ಆದೀತು. ಪೋಲೋ, ವೆಂಟೋ, ರ‍್ಯಾಪಿಡ್, ಲಾರಾ ಬಿಚ್ಚಿ ಬಿಚ್ಚಿ ಈ ಕುಲದ ಗಾಡಿಗಳ ಮರ್ಮ ಗೋಕುಲ ರೋಡಿನವರಿಗೆ ಗೊತ್ತಾಗಿದೆ. ವಾಟರ್ ಪಂಪು, ಥರ್ಮೋಸ್ಟಾಟ್ ಹತ್ತಿರ ಕೂಲಂಟ್ ಸೋರಿದ ಗುರುತು ಇದೆಯೇ, 60,000ದ ಡಿಎಸ್‌ಜಿ ಎಣ್ಣೆಯ ಬಿಲ್ಲು ಇದೆಯೇ, ಇವೆರಡು ಬಿಡದೆ ನೋಡಿರಿ. ಸರ್ವಿಸ್ ದಾಖಲೆ ಪೂರ್ತಿ ಇರುವ 330ಐ ಸಿಕ್ಕು, ದಾಖಲೆ ಇಲ್ಲದ ಆರ್‌ಎಸ್ ಎದುರಿಗಿದ್ದರೆ ಯೋಚನೆ ಮಾಡದೆ 330ಐ ತಗೊಳ್ಳಿರಿ, ಯಾವ ಗಾಲಿ ಎನ್ನುವುದು ಆಗ ಎರಡನೆಯ ಪ್ರಶ್ನೆ. ಎಂ340ಐ ಬಿಡಿರಿ. ಗಾಡಿ ಕೆಟ್ಟದ್ದಲ್ಲ, ಅದರ ಜೋರು ಬಿಚ್ಚುವ ರಸ್ತೆ ನಿಮ್ಮ ಪಟ್ಟಿಯಲ್ಲಿ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ನಾನೇ ಸೇರಿಸುತ್ತೇನೆ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್, 1.5 ಎಂಜಿನ್ನು, ಕೈ ಗೇರಿನದು. 150 ಪಿಎಸ್ ಅಷ್ಟೇ, ಷೋಕಿ ಕಡಿಮೆ, ಆದರೆ ನೆಲದಿಂದ 179 ಮಿಲಿಮೀಟರ್ ಎತ್ತರ ಇದೆ, ಒಣ ಕ್ಲಚ್ಚಿನ ಡಿಎಸ್‌ಜಿಯ ಚಿಂತೆ ಇಲ್ಲ, ಆ ಮೂರು ಗಾಡಿಗಳಿಗಿಂತ ಹೊಸದೂ ಸಿಗುತ್ತದೆ. ಒಮ್ಮೆ ಓಡಿಸಿ ನೋಡಿದ ಮೇಲೆ ಬೇಡ ಎನ್ನಿರಿ, ಓಡಿಸದೆ ಅಲ್ಲ.

ಯಾವ ಗಾಡಿ ಮನಸ್ಸಿಗೆ ಬಂದರೂ ಅಡ್ವಾನ್ಸ್ ಕೊಡುವ ಮೊದಲು ಅದರ ಚಾಸಿ ನಂಬರು, ಆರ್‌ಸಿಯ ಎರಡೂ ಬದಿಯ ಫೋಟೊ, ನಾಲ್ಕು ಟೈರಿನ ಅಂಕಿ ಬರೆದು ಕಳಿಸಿರಿ. ಮಿಸ್ತ್ರಿಗೆ ಹೇಳಿ ಇಟ್ಟಿದ್ದೇನೆ, ರವಿವಾರ ಬಿಟ್ಟು ಯಾವ ದಿನ ಬೇಕಾದರೂ ಗಾಡಿ ಲಿಫ್ಟಿಗೆ ಏರಿಸಿ ನೋಡಿಕೊಡುತ್ತಾರೆ.

ಇಂತಿ ನಿಮ್ಮ ಗೆಳೆಯ